ಕುದುರೆಯ ಕಿವಿ ಕತ್ತರಿಸಿದ್ದು ಯಾರು?

ಅಚ್ಚಿಗೆ ಹೋಗಬೇಕಿದ್ದ ಕ್ಯಾಟಲಾಗಿನ ಪ್ರೂಫ್ ನೋಡುತ್ತಾ ಕುಳಿತಿದ್ದ ಗಿರಾಕಿ ಕನ್ನಡಕ ಮೇಲೇರಿಸಿ ಕೇಳಿದರು, "ಮೇಡಂ, ಈ ಕುದ್ರೆಗೆ ಒಂದು ಕಿವಿ ಇಲ್ವಲ್ಲ?"

ಬಗ್ಗಿ ನೋಡಿದೆ. ನಿಜ. ಕೆಂಪು ಅರಗಿನ ಆಟದ ಕುದುರೆ, ಎಡಗಿವಿ ಬುಡದಲ್ಲೇ ನೀಟಾಗಿ ಹೋಗಿದೆ. ಪಕ್ಕದ ಪುಟದ ಬುಗುರಿಯ ಸುತ್ತ ಒಂದು ಬಿಳಿ ಡಬ್ಬ. ಅದರ ಕೆಳಗಿನ ಹಳದಿ ಗಿಲಕಿಗೂ ಹಾಗೇ. ಪುಟ ತಿರುವಿದಷ್ಟೂ ಹೊಸದೊಂದು ಅವಾಂತರ. ಅವರು ಪಾಪ ಸಮಾಧಾನದ ಮನುಷ್ಯ. "ಇರ್ಲಿ ಬಿಡಿ, ಸೋಮವಾರ ಸಿಕ್ಕಿದ್ರೂ ಸಾಕು" ಅಂದು ಹೊರಟರು. ನನಗೆ ಮಾತ್ರ ಕೂತ ಕುರ್ಚಿಯಿಂದ ಏಳುವ ಧೈರ್ಯ ಬರಲಿಲ್ಲ. ಅದು ಶುಕ್ರವಾರ ಸಂಜೆ.

ಚನ್ನಪಟ್ಟಣದ ಮರದ ಆಟಿಕೆಗಳ ಕ್ಯಾಟಲಾಗ್ ಅದು. 48 ಪುಟ, ಹತ್ತಿರ ಹತ್ತಿರ 300 ಚಿತ್ರ. ಮೊದಲ ಸಲ ಮಾಡಿದ್ದು ಪುಟ ಜೋಡಿಸುವ ಹಳೇ ತಂತ್ರಾಂಶ ಪೇಜ್‌ಮೇಕರ್ 7ರಲ್ಲಿ. ಆಮೇಲೆ ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಸಿಎಸ್ 6ಕ್ಕೆ ತಂದೆ. ಪೇಜ್‌ಮೇಕರ್ ಫೈಲನ್ನು ಸಿಎಸ್ 6 ನೇರವಾಗಿ ತೆರೆಯುತ್ತಿತ್ತು. ಆಗಲೂ ಕೆಲವು ಚಿತ್ರ ಬರಲಿಲ್ಲ. ಪ್ಲೇಸ್ ಮಾಡದೆ, ಅಂದರೆ ಚಿತ್ರದ ಫೈಲಿಗೆ ಕೊಂಡಿ ಹಾಕಿ ತರದೆ, ಸುಮ್ನೆ ಕಾಪಿ ಪೇಸ್ಟ್ ಮಾಡಿ ಕೂರಿಸಿದ್ದ ಚಿತ್ರಗಳು ಆ ದಾಟುವಿಕೆಯಲ್ಲಿ ಬಿಟ್ಟುಹೋಗುತ್ತವೆ. ಟಿಫ್ ಚಿತ್ರಗಳಿಗೆ ಪೇಜ್‌ಮೇಕರ್ ಒಳಗೇ ಮಾಡಿದ್ದ ಬೆಳಕು ಕತ್ತಲೆಯ ಹೊಂದಾಣಿಕೆಯೂ ಬರಲಿಲ್ಲ. ಆಗಿನ ಗೋಳು ಅಷ್ಟಕ್ಕೇ ಮುಗಿದಿತ್ತು. ಮುಂದೆ ಪ್ರತಿ ವರ್ಷ ಅದೇ ಫೈಲ್ ತೆರೆಯುವುದು, ಹೊಸ ಆಟಿಕೆ ಸೇರಿಸುವುದು, ರೇಟು ಬದಲಿಸುವುದು, ಪ್ರೆಸ್ಸಿಗೆ ಕಳಿಸುವುದು. ಸಿಎಸ್ 6 ಬಂದಿದ್ದು 2012ರಲ್ಲಿ. ನನ್ನ ವಿಂಡೋಸ್ 7 ಮಷೀನಿನಲ್ಲಿ ಅದು ಮನೆಯ ಹಳೇ ಮಿಕ್ಸಿಯ ಹಾಗೆ ಗುರ್ ಅನ್ನುತ್ತಲೇ ಕೆಲಸ ಮಾಡಿಕೊಂಡಿತ್ತು.

ಈ ವರ್ಷ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಲು ಶುರು ಮಾಡಿತು. ಆ ಸದ್ದು ಕೇಳಿದವರಿಗೆ ಗೊತ್ತು, ಅದರ ಅರ್ಥ ಏನು ಅಂತ. ಹೊಸ ಮಷೀನ್ ತಂದೆ, ತಿಂಗಳ ಬಾಡಿಗೆ ಕಟ್ಟುವ ಈಗಿನ ಇನ್‌ಡಿಸೈನ್ ಹಾಕಿಸಿದೆ, ಚಿತ್ರಗಳನ್ನೆಲ್ಲ ಹೊಸ ಡ್ರೈವ್‌ಗೆ ಸುರಿದೆ. ಹಳೇ ಫೈಲ್ ತೆರೆದಾಗ ಹೆಸರಿನ ಮುಂದೆ 'ಕನ್ವರ್ಟೆಡ್' ಅಂತ ಬಂತು. ತೆರೆಯಿತಲ್ಲ, ಸದ್ಯ ಬದುಕಿದೆ ಅಂದುಕೊಂಡೆ.

ಕನ್ನಡದಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುವವರಿಗೆ ಒಂದು ಹಳೇ ಭಯ ಇದೆ. ತಂತ್ರಾಂಶ ಬದಲಾಯಿತು ಅಂದರೆ ಮೊದಲು ಒತ್ತಕ್ಷರದ ಕಡೆ ಓಡುತ್ತೇವೆ. ಅರ್ಕಾವತ್ತು ಜಾಗದಲ್ಲಿದೆಯಾ, 'ಸ್ತ್ರೀ' ಒಡೆದಿದೆಯಾ, ನುಡಿ ಫಾಂಟಿನ ಅಕ್ಷರ ಚೌಕಳಿ ಆಗಿದೆಯಾ. ನಾನೂ ಅದನ್ನೇ ಮಾಡಿದೆ. ಯೂನಿಕೋಡ್‌ನಲ್ಲಿದ್ದ ಪುಟಗಳಿಗೆ ಒತ್ತಕ್ಷರ ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಕಂಪೋಸರ್ ಆನ್ ಆಗಿದೆಯಾ ಅಂತ ಒಂದೊಂದು ಪ್ಯಾರಾ ನೋಡಿದೆ. ಎರಡು ದಿನ ಬರೀ ಅಕ್ಷರ. ಅಕ್ಷರವೆಲ್ಲ ಚಿನ್ನದಂಗಿತ್ತು. ಚಿತ್ರ ಏನಾಗುತ್ತೆ, ಅದು ಚಿತ್ರ ತಾನೇ ಅಂತ ಪ್ರೂಫ್ ತೆಗೆದುಬಿಟ್ಟೆ.

ಇನ್ನು ಆ ಶುಕ್ರವಾರ ರಾತ್ರಿ ಮಾಡಿದ ಕೆಲಸದ ಬಗ್ಗೆ ಹೇಳಬೇಕು. ಹೇಳಿಕೊಳ್ಳಲು ನಾಚಿಕೆ, ಆದರೆ ಬೇರೆಯವರು ಮಾಡದಿರಲಿ ಅಂತ ಹೇಳುತ್ತಿದ್ದೇನೆ. ಬಿಳಿ ಡಬ್ಬ ಕಂಡ ಚಿತ್ರಗಳನ್ನೆಲ್ಲ ಒಂದೊಂದಾಗಿ ಆರಿಸಿ, ಕಂಟ್ರೋಲ್ ಆಲ್ಟ್ ಶಿಫ್ಟ್ ಕೆ ಒತ್ತಿ, ಚಿತ್ರದ ಹಿನ್ನೆಲೆ ಕತ್ತರಿಸುವ ಗೆರೆಯ, ಅಂದರೆ ಕ್ಲಿಪ್ಪಿಂಗ್ ಪಾತ್‌ನ ಕಿಟಕಿಯಲ್ಲಿ 'ಡಿಟೆಕ್ಟ್ ಎಡ್ಜಸ್' (ಅಂಚು ತಾನೇ ಹುಡುಕು) ಅಂತ ಹಾಕುತ್ತಾ ಹೋದೆ. ಬಿಳಿ ಹಿನ್ನೆಲೆ ಮಾಯ! ಹತ್ತು ನಿಮಿಷದಲ್ಲಿ ಮೂವತ್ತು ಚಿತ್ರ ಮುಗಿಸಿ ಬೀಗಿದೆ. ಬೆಳಿಗ್ಗೆ ಹಿಗ್ಗಿಸಿ ನೋಡಿದರೆ ಮೂವತ್ತೂ ಹಾಳು.

ಯಾಕೆ ಹಾಳಾಯಿತು ಅಂದರೆ, ಡಿಟೆಕ್ಟ್ ಎಡ್ಜಸ್‌ಗೆ ಆಟಿಕೆ ಯಾವುದು, ಹಿನ್ನೆಲೆ ಯಾವುದು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತಿಳಿ ಮತ್ತು ಗಾಢ ಮಾತ್ರ. ಥ್ರೆಶೋಲ್ಡ್ ಅನ್ನುವ ಸಂಖ್ಯೆ ಸೊನ್ನೆಯಾದರೆ ಅಚ್ಚ ಬಿಳಿ. ಮೇಲೇರಿಸಿದಷ್ಟೂ ಇನ್ನಷ್ಟು ತಿಳಿ ಬಣ್ಣಗಳು ಕತ್ತರಿಗೆ ಸಿಗುತ್ತವೆ. ಚನ್ನಪಟ್ಟಣದ ಆಟಿಕೆಯ ಅಂದವೇ ಅದರ ಹೊಳಪು. ಹಾಲೆ ಮರವನ್ನು ತಿರುಗಣಿಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಆಮೇಲೆ ಎಲೆಯಿಂದ ಉಜ್ಜಿ ಮಿರಮಿರ ಮಿಂಚಿಸುತ್ತಾರೆ. ಆ ಮಿಂಚು ಫೋಟೋದಲ್ಲಿ ಬಿಳಿ ಪಟ್ಟಿಯಾಗಿ ಬೀಳುತ್ತದೆ. ಪಟ್ಟಿ ನಡುವೆ ಇದ್ದರೆ ಬಚಾವ್. ಅಂಚಿನಲ್ಲಿ ಬಿದ್ದರೆ, ಅದೂ ಹಿನ್ನೆಲೆ ಅಂತ ತಿಳಿದು ಕತ್ತರಿ ಒಳಗೇ ನುಗ್ಗುತ್ತದೆ. ಹಳದಿ ಗಿಲಕಿಗಳ ಕೆನ್ನೆಯೆಲ್ಲ ಕಚ್ಚಿಸಿಕೊಂಡಿದ್ದು ಹೀಗೆ. 'ಇನ್‌ಕ್ಲೂಡ್ ಇನ್‌ಸೈಡ್ ಎಡ್ಜಸ್' ಗುರುತು ಹಾಕಿದ್ದ ಕಡೆ ನಡುವಿನ ಮಿಂಚೂ ತೂತಾಗಿತ್ತು. ಜೊತೆಗೆ 'ಯೂಸ್ ಹೈ ರೆಸಲ್ಯೂಷನ್ ಇಮೇಜ್' ಗುರುತು ಹಾಕದಿದ್ದರೆ ಅಂಚಿನ ಲೆಕ್ಕ ನಡೆಯುವುದು ಪರದೆಗೆ ತೋರಿಸುವ ಒರಟು ಚಿತ್ರದ ಮೇಲೆ. ಬೆಳ್ಳನೆ ಹಾಳೆಯ ಮೇಲೆ ಇಟ್ಟ ಕಪ್ಪು ಬಾಣಲೆಗೆ ಈ ವಿಧಾನ ಸರಿ. ಅರಗಿನ ಆಟಿಕೆಗೆ ಖಂಡಿತ ಅಲ್ಲ.

ಶನಿವಾರ ಬೆಳಿಗ್ಗೆ ಕಾಫಿ ಇಟ್ಟುಕೊಂಡು ಕೂತು, ರಾತ್ರಿ ಮಾಡಿದ್ದನ್ನೆಲ್ಲ ಎಸೆದು, ಮೊದಲ ಫೈಲನ್ನೇ ಮತ್ತೆ ತೆರೆದೆ. ಈ ಸಲ ಏನನ್ನೂ ರಿಪೇರಿ ಮಾಡಬಾರದು, ಬರೀ ಪತ್ತೆ ಮಾಡಬೇಕು ಅಂತ ನಿಯಮ ಹಾಕಿಕೊಂಡೆ. ಚಿತ್ರ ಕಟ್ ಆಗಿದೆ ಅಂದರೆ ಎಲ್ಲೋ ಒಂದು ಕತ್ತರಿ ಇದೆ. ಅದು ಯಾರ ಕೈಯಲ್ಲಿದೆ? ಇಷ್ಟು ವರ್ಷ ಇದನ್ನು ನಾನು ಕೇಳಿಕೊಂಡೇ ಇರಲಿಲ್ಲ. ಪರದೆ ಮೇಲೆ ಚೆನ್ನಾಗಿ ಕಂಡರೆ ಆಯಿತು, ಮುಂದಿನ ಪುಟ.

ಪತ್ತೆಗೆ ಬೇಕಾಗಿದ್ದು ಬಿಳಿ ಬಾಣ, ಅಂದರೆ ಡೈರೆಕ್ಟ್ ಸೆಲೆಕ್ಷನ್ ಟೂಲ್. 'ಎ' ಒತ್ತಿದರೆ ಬರುತ್ತದೆ. ಕಪ್ಪು ಬಾಣದಿಂದ ಒತ್ತಿದರೆ ಚಿತ್ರ ಕೂತಿರುವ ಚೌಕಟ್ಟು, ಅಂದರೆ ಫ್ರೇಮ್ ಸಿಗುತ್ತದೆ, ಬಿಳಿ ಬಾಣದಿಂದ ಒತ್ತಿದರೆ ಒಳಗಿನ ಚಿತ್ರ. ಫ್ರೇಮಿನ ಗೆರೆ ಲೇಯರ್‌ನ ಬಣ್ಣದಲ್ಲಿರುತ್ತದೆ, ಕ್ಲಿಪ್ಪಿಂಗ್ ಪಾತ್ ಅದಕ್ಕೆ ವಿರುದ್ಧ ಬಣ್ಣದಲ್ಲಿ. ನನ್ನ ಲೇಯರ್ ನೀಲಿ, ಹಾಗಾಗಿ ಪಾತ್ ಇದ್ದ ಕಡೆ ಕಿತ್ತಳೆ ಗೆರೆ, ಅದರ ಮೇಲೆ ಪುಟಾಣಿ ಚುಕ್ಕಿಗಳು. ಈ ಬಣ್ಣದ ಗುಟ್ಟು ಅಷ್ಟು ವರ್ಷ ಕಣ್ಣೆದುರೇ ಇತ್ತು, ಒಂದು ದಿನವೂ ಗಮನಿಸಿರಲಿಲ್ಲ.

ಕೆಟ್ಟ ಚಿತ್ರದ ಒಂದು ಕಾಪಿಯನ್ನು ಪುಟದಾಚೆ ಎಳೆದುಕೊಳ್ಳುತ್ತಿದ್ದೆ. ಅದರ ಕ್ಲಿಪ್ಪಿಂಗ್ ಪಾತನ್ನು 'ನನ್' (ಯಾವುದೂ ಬೇಡ) ಮಾಡುತ್ತಿದ್ದೆ. ಹೋದ ಭಾಗ ಬಂತಾ? ಹಾಗಾದರೆ ಕಳ್ಳ ಪಾತ್. ಬರಲಿಲ್ಲವಾ? ಕಂಟ್ರೋಲ್ ಆಲ್ಟ್ ಸಿ ಒತ್ತಿ ಫ್ರೇಮನ್ನು ಚಿತ್ರದಷ್ಟೇ ದೊಡ್ಡದು ಮಾಡುತ್ತಿದ್ದೆ. ಈಗ ಬಂತಾ? ಹಾಗಾದರೆ ಕಳ್ಳ ಫ್ರೇಮ್. ಆಗಲೂ ಬರದಿದ್ದರೆ ಆಲ್ಟ್ ಒತ್ತಿಕೊಂಡು ಚಿತ್ರದ ಮೇಲೆ ಎರಡು ಸಲ ಕ್ಲಿಕ್. ಮೂಲ ಫೈಲ್ ಫೋಟೋಶಾಪ್‌ನಲ್ಲಿ ತೆರೆಯುತ್ತದೆ, ಅಲ್ಲಿ ಏನಿದೆ ನೋಡುವುದು. ಒಂದು ಚಿತ್ರಕ್ಕೆ ಅರ್ಧ ನಿಮಿಷ ಸಾಕು.

ಫ್ರೇಮಿನ ಕೇಸುಗಳು ಸುಲಭದವು. 22ನೇ ಪುಟದಲ್ಲಿ ಎತ್ತಿನ ಗಾಡಿಯ ಜಾಗದಲ್ಲಿ ಬರೀ ಒಂದು ಚಕ್ರದ ಕಾಲು ಭಾಗ. ಆ ಗಾಡಿಯ ಹೊಸ ಫೋಟೋ ಬಂದಿತ್ತು, ಹಳೆಯದಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಪ್ರಿಫರೆನ್ಸಸ್‌ನ ಫೈಲ್ ಹ್ಯಾಂಡ್ಲಿಂಗ್‌ನಲ್ಲಿ 'ಪ್ರಿಸರ್ವ್ ಇಮೇಜ್ ಡೈಮೆನ್ಷನ್ಸ್ ವೆನ್ ರೀಲಿಂಕಿಂಗ್' ಅಂತ ಒಂದು ಗುರುತು ಇದೆ. ಅದು ಇದ್ದರೆ ಹೊಸ ಚಿತ್ರ ಹಳೆಯದರ ಅಳತೆಗೇ ಕೂರುತ್ತದೆ. ಇಲ್ಲದಿದ್ದರೆ ತನ್ನ ನಿಜವಾದ ಅಳತೆಯಲ್ಲಿ ಬಂದು ಕೂರುತ್ತದೆ, ಫ್ರೇಮಿನ ಕಿಂಡಿಯಲ್ಲಿ ಒಂದು ಮೂಲೆ ಕಾಣುತ್ತದೆ. ನನ್ನಲ್ಲಿ ಗುರುತು ಇರಲಿಲ್ಲ. ಯಾರು ತೆಗೆದರು? ಹೊಸ ಮಷೀನ್ ಬಂದ ದಿನ ಕಂಡ ಕಂಡ ಗುರುತುಗಳನ್ನೆಲ್ಲ ಒತ್ತಿ ನೋಡಿದವಳು ನಾನೇ. ಗುರುತು ಹಾಕಿದೆ, ಆ ಹದಿನಾಲ್ಕು ಚಿತ್ರಗಳಿಗೆ ಕಂಟ್ರೋಲ್ ಆಲ್ಟ್ ಶಿಫ್ಟ್ ಇ ಒತ್ತಿ ಫ್ರೇಮಿನೊಳಗೆ ಕೂರಿಸಿದೆ.

ಬಿಳಿ ಡಬ್ಬಗಳ ಕಥೆ ಬೇರೆ. ಅಲ್ಲಿ ಕತ್ತರಿ ಇರಬೇಕಿತ್ತು, ಇರಲಿಲ್ಲ. ಆ ಬುಗುರಿಯನ್ನು ಫೋಟೋಶಾಪ್‌ನಲ್ಲಿ ಪೆನ್ ಟೂಲ್ ಹಿಡಿದು ನಾನೇ ಕಟ್ ಮಾಡಿದ್ದು ನೆನಪಿದೆ. ಪಾತ್ ಎಲ್ಲಿ ಹೋಯಿತು? ಮೂಲ ತೆರೆದು ಪಾತ್ಸ್ ಪ್ಯಾನೆಲ್ ನೋಡಿದರೆ ಖಾಲಿ. ಫೈಲ್ ತೂಕ ನೋಡಿದೆ, ಎರಡು ಎಂಬಿ ಇದ್ದದ್ದು ನೂರೈವತ್ತು ಕೆಬಿ.

ಆಮೇಲೆ ಹೊಳೆಯಿತು. ಹಾರ್ಡ್ ಡಿಸ್ಕ್ ಸದ್ದು ಮಾಡಿದಾಗ ಒಂದು ಫೋಲ್ಡರ್ ಕಾಪಿ ಆಗಿರಲಿಲ್ಲ. ಗಿರಾಕಿಯ ಅಂಗಡಿಯಲ್ಲಿ ಆ ಚಿತ್ರಗಳ ಒಂದು ಪ್ರತಿ ಇತ್ತು. ಅಲ್ಲಿನ ಹುಡುಗ ಮೊಬೈಲ್ ಮೆಸೇಜಿನಲ್ಲಿ ಕಳಿಸಿದ್ದ. "ಅಕ್ಕಾ, ಎಲ್ಲಾ ಕಳ್ಸಿದೀನಿ, ನೋಡ್ಕೊಳ್ಳಿ" ಅಂದಿದ್ದ. ಅವನ ತಪ್ಪಿಲ್ಲ, ಹೇಗೆ ಕಳಿಸಬೇಕು ಅಂತ ನಾನು ಹೇಳಿರಲಿಲ್ಲ. ಮೊಬೈಲಿನಲ್ಲಿ ಫೋಟೋ ಆಗಿ ಕಳಿಸಿದರೆ ಮೆಸೇಜ್ ಆ್ಯಪ್ ಚಿತ್ರವನ್ನು ಕುಗ್ಗಿಸಿ ಮತ್ತೆ ಜೆಪೆಗ್ ಮಾಡುತ್ತದೆ. ಕ್ಲಿಪ್ಪಿಂಗ್ ಪಾತ್ ಜೆಪೆಗ್‌ನ ಬಣ್ಣದ ಚುಕ್ಕಿಗಳಲ್ಲಿ ಇರುವುದಿಲ್ಲ. ಫೋಟೋಶಾಪ್ ತನ್ನ ಲೆಕ್ಕಪತ್ರವನ್ನು ಫೈಲಿನ ತಲೆಭಾಗದಲ್ಲಿ ಒಂದು ಮೂಟೆ ಕಟ್ಟಿ ಇಟ್ಟಿರುತ್ತದೆ, ಪಾತ್ ಇರುವುದು ಅದರಲ್ಲಿ. ಕುಗ್ಗಿಸುವಾಗ ಆ ಮೂಟೆಯನ್ನು ಆಚೆ ಹಾಕಿಬಿಡುತ್ತದೆ. ಚಿತ್ರ ನೋಡಲು ಹಾಗೇ ಇರುತ್ತದೆ, ಪಾತ್ ಮಾತ್ರ ಇಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ, ಅಥವಾ ಜಿಪ್ ಮಾಡಿ ಕಳಿಸಿದರೆ ಈ ತೊಂದರೆ ಇಲ್ಲ. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಬರುವವರೊಬ್ಬರ ಕೈಯಲ್ಲಿ ಪೆನ್ ಡ್ರೈವ್ ತರಿಸಿಕೊಂಡೆ. ಅದರಲ್ಲಿ ಬುಗುರಿಯ ಪಾತ್ ಹಾಗೇ ಇತ್ತು.

ಅಲ್ಲಿಗೂ ಮುಗಿಯಲಿಲ್ಲ. ಆ ಫೈಲುಗಳಿಗೆ ಕೊಂಡಿ ಬದಲಿಸಿ ರೀಲಿಂಕ್ ಮಾಡಿದ ಮೇಲೂ ಏಳೆಂಟು ಚಿತ್ರಗಳಲ್ಲಿ ಬಿಳಿ ಡಬ್ಬ ಹೋಗಲಿಲ್ಲ. ಪಾತ್ ಇದೆ, ಆದರೂ ಕಟ್ ಆಗುತ್ತಿಲ್ಲ. ಫೋಟೋಶಾಪ್‌ನಲ್ಲಿ ಪಾತ್ ಉಳಿಸುವುದೇ ಬೇರೆ, ಅದನ್ನು ಕ್ಲಿಪ್ಪಿಂಗ್ ಪಾತ್ ಅಂತ ಹೇಳುವುದೇ ಬೇರೆ. ಪೆನ್ ಟೂಲ್‌ನಿಂದ ಎಳೆದಾಗ ಅದು 'ವರ್ಕ್ ಪಾತ್', ಬಳಪದಲ್ಲಿ ಬರೆದಂತೆ. ಇನ್ನೊಂದು ಎಳೆದರೆ ಮೊದಲಿನದು ಹೋಗುತ್ತದೆ. ಅದಕ್ಕೊಂದು ಹೆಸರು ಕೊಟ್ಟರೆ ಉಳಿಯುತ್ತದೆ. ಆಮೇಲೆ ಪ್ಯಾನೆಲ್‌ನ ಮೆನುವಿನಿಂದ 'ಕ್ಲಿಪ್ಪಿಂಗ್ ಪಾತ್' ಆರಿಸಿದರೆ ಮಾತ್ರ ಪ್ಲೇಸ್ ಮಾಡುವಾಗ 'ಅಪ್ಲೈ ಫೋಟೋಶಾಪ್ ಕ್ಲಿಪ್ಪಿಂಗ್ ಪಾತ್' ಗುರುತಿಗೆ ಅದು ಸಿಗುತ್ತದೆ. ಇಲ್ಲವಾದರೆ ಆ ಗುರುತು ಮಸುಕಾಗಿರುತ್ತದೆ. ಬರೀ ಹೆಸರಿಟ್ಟು ಬಿಟ್ಟ ಪಾತ್‌ಗೂ ದಾರಿ ಇದೆ. ಇನ್‌ಡಿಸೈನ್‌ನ ಕ್ಲಿಪ್ಪಿಂಗ್ ಪಾತ್ ಕಿಟಕಿಯಲ್ಲಿ 'ಫೋಟೋಶಾಪ್ ಪಾತ್' ಆರಿಸಿ, ಪಟ್ಟಿಯಿಂದ ಹೆಸರು ಹಿಡಿಯಬೇಕು. ಹಳೇ ಫೈಲಿನಲ್ಲಿ ಆ ಏಳೆಂಟಕ್ಕೂ ನಾನು ಹಾಗೇ ಮಾಡಿದ್ದೆ ಅಂತ ಕಾಣುತ್ತದೆ. ಈ ಸಲ ಅವಸರದಲ್ಲಿ ಕೆಲವನ್ನು ರೀಲಿಂಕ್ ಮಾಡದೆ, ಅಳಿಸಿ ಹೊಸದಾಗಿ ಪ್ಲೇಸ್ ಮಾಡಿದ್ದೆ. ಅಳಿಸಿದ ಚಿತ್ರದ ಜೊತೆ ಆ ಆಯ್ಕೆಯೂ ಹೋಯಿತು.

ನನ್ನನ್ನು ಅತಿ ಜಾಸ್ತಿ ಕಾಡಿದ್ದು ಮಣಿ ಚೌಕಟ್ಟು. ಮಕ್ಕಳು ಎಣಿಕೆ ಕಲಿಯುತ್ತಾರಲ್ಲ, ಮರದ ಚೌಕಟ್ಟು, ಅಡ್ಡಡ್ಡ ಹತ್ತು ಸರಳು, ಸರಳಿಗೆ ಹತ್ತು ಬಣ್ಣದ ಮಣಿ. ಅದನ್ನು ತಿಳಿ ನೀಲಿ ಪಟ್ಟಿಯ ಮೇಲೆ ಕೂರಿಸಿದ್ದೆ. ಹೊರಗಿನ ಅಂಚು ಚೆನ್ನಾಗಿ ಕಟ್ ಆಗಿದೆ. ಸರಳುಗಳ ನಡುವೆ ನೀಲಿ ಕಾಣಬೇಕು, ಬಿಳಿ ಕಾಣುತ್ತಿದೆ. ಒಳಗಿನ ಕಿಂಡಿಗಳಿಗೆ ನಾನು ಬೇರೆ ಬೇರೆ ಪಾತ್ ಎಳೆದಿದ್ದೆ, ಆ ಗೆರೆಗಳೂ ಇವೆ. ಆದರೆ ತೂತು ಬಿದ್ದಿಲ್ಲ.

ಮಧ್ಯಾಹ್ನದ ಊಟ ಬಿಟ್ಟು ಇದಕ್ಕೇ ಕೂತೆ. ಕೊನೆಗೆ ಸಿಕ್ಕಿದ್ದು ಫೋಟೋಶಾಪ್‌ನ ಮೇಲಿನ ಪಟ್ಟಿಯಲ್ಲಿರುವ ಒಂದು ಪುಟ್ಟ ಗುಂಡಿ, ಪಾತ್ ಆಪರೇಷನ್ಸ್. ಒಂದು ಪಾತ್‌ನೊಳಗೆ ಇನ್ನೊಂದು ಇದ್ದಾಗ ಅದನ್ನು ಸೇರಿಸಬೇಕೋ ಕಳೆಯಬೇಕೋ ಅಂತ ಅಲ್ಲಿ ಹೇಳಬೇಕು. ನನ್ನ ಒಳಗಿನ ಪಾತ್‌ಗಳೆಲ್ಲ 'ಕಂಬೈನ್' ಅಂತ ಇದ್ದವು. ಗೋಡೆಯೊಳಗೆ ಕಿಟಕಿ ಬರೆದು, ಕಿಟಕಿಯೂ ಗೋಡೆಯೇ ಅಂದಂತೆ. ಒಳಗಿನವನ್ನು ಬಾಣದಿಂದ ಆರಿಸಿ 'ಎಕ್ಸ್‌ಕ್ಲೂಡ್ ಓವರ್‌ಲ್ಯಾಪಿಂಗ್ ಶೇಪ್ಸ್' ಮಾಡಿ ಸೇವ್ ಮಾಡಿದೆ. ಇನ್‌ಡಿಸೈನ್‌ಗೆ ಬಂದು ಲಿಂಕ್ ಅಪ್‌ಡೇಟ್ ಮಾಡಿದ ತಕ್ಷಣ ಸರಳುಗಳ ನಡುವೆ ನೀಲಿ ಇಣುಕಿತು. ಆ ಕ್ಷಣ ಒಬ್ಬಳೇ ಕೂತು ನಕ್ಕಿದ್ದೇನೆ. ಹಾಗಾದರೆ ಹೋದ ವರ್ಷ ಹೇಗೆ ಸರಿ ಬಂದಿತ್ತು? ಹಳೇ ಅಚ್ಚಾದ ಕ್ಯಾಟಲಾಗ್ ತೆಗೆದು ನೋಡಿದೆ. ಅದರಲ್ಲಿ ಆ ಪುಟದ ಹಿನ್ನೆಲೆ ಬಿಳಿ. ತಪ್ಪು ಅವತ್ತಿನಿಂದಲೂ ಇತ್ತು, ಬಿಳಿಯ ಮೇಲೆ ಬಿಳಿ ಯಾರಿಗೆ ಕಾಣಬೇಕು?

ಈಗ ಕುದುರೆ. ಬಿಳಿ ಬಾಣದಿಂದ ಒತ್ತಿದಾಗ ಕಿತ್ತಳೆ ಗೆರೆ ಕಂಡಿತು. ಕುದುರೆಯ ಬೆನ್ನು, ಬಾಲ, ಕೆಳಗಿನ ತೂಗುವ ಹಲಗೆ, ಎಲ್ಲ ಸರಿಯಾಗಿ ಸುತ್ತಿಕೊಂಡು ಬಂದು ತಲೆಯ ಹತ್ತಿರ ಮಾತ್ರ ಗೆರೆ ಒಳಗೆ ಕೊಯ್ದಿತ್ತು. ಆಶ್ಚರ್ಯ ಅಂದರೆ ಬಲಗಡೆ ಕುತ್ತಿಗೆಯ ಪಕ್ಕ ಅದೇ ಗೆರೆ ಆಚೆ ನಿಂತು ಕೂದಲೆಳೆಯಷ್ಟು ಹಿನ್ನೆಲೆ ತೋರಿಸುತ್ತಿತ್ತು. ಗೆರೆ ಇದ್ದದ್ದು ಒಂದು ಕುದುರೆಯದು, ಒಳಗಿದ್ದದ್ದು ಇನ್ನೊಂದು ಕುದುರೆ!

ಕಿಟಕಿ ತೆರೆದು ನೋಡಿದೆ. ಟೈಪ್ ಎದುರಿಗೆ 'ಯೂಸರ್ ಮಾಡಿಫೈಡ್ ಪಾತ್'. ಅಂದರೆ ಯಾವತ್ತೋ ಒಂದು ದಿನ ನಾನು ಪಾತ್‌ನ ಒಂದು ಚುಕ್ಕಿಯನ್ನು ಇನ್‌ಡಿಸೈನ್ ಒಳಗೇ ಹಿಡಿದು ಎಳೆದಿದ್ದೇನೆ. ಬಾಲದ ತುದಿ ಸರಿ ಮಾಡಲು ಇರಬೇಕು. ಚುಕ್ಕಿ ಮುಟ್ಟಿದ ಕ್ಷಣ ಆ ಪಾತ್ ಫೋಟೋದ ಸ್ವತ್ತಾಗಿ ಉಳಿಯುವುದಿಲ್ಲ, ನಮ್ಮ ಡಾಕ್ಯುಮೆಂಟಿನ ಸ್ವತ್ತಾಗುತ್ತದೆ. ಮೂಲ ಫೋಟೋದಲ್ಲಿ ಹೊಸ ಪಾತ್ ಎಳೆದರೂ ಅದು ಕೇಳುವುದಿಲ್ಲ. ಈ ವರ್ಷ ಗಿರಾಕಿ ಆಟಿಕೆಗಳನ್ನು ಮತ್ತೆ ಫೋಟೋ ತೆಗೆಸಿದ್ದರು. ಫೈಲ್ ಹೆಸರು ಅದೇ ಇಟ್ಟುಕೊಟ್ಟಿದ್ದರು, ನಾನೇ ಹಾಗೆ ಕೇಳಿದ್ದೆ, ಕೆಲಸ ಸಲೀಸು ಅಂತ. ಹೊಸ ಕುದುರೆ ತಲೆಯನ್ನು ಒಂಚೂರು ಎಡಕ್ಕೆ ಎತ್ತಿ ನಿಂತಿದೆ. ಹಳೇ ಕುದುರೆಯ ಅಂಗಿ ಹೊಸ ಕುದುರೆಗೆ ತೊಡಿಸಿದ್ದು ನಾನು. ಕಿವಿ ಹೊರಗುಳಿಯದೆ ಇನ್ನೇನಾಗುತ್ತದೆ?

ಟೈಪನ್ನು 'ಫೋಟೋಶಾಪ್ ಪಾತ್'ಗೆ ತಿರುಗಿಸಿದೆ. ಹೊಸ ಫೋಟೋದಲ್ಲಿದ್ದ ಪಾತ್ ಬಂದು ಕೂತಿತು, ಕಿವಿಯೂ ಬಂತು. ಇಂಥವು ಒಟ್ಟು ಹನ್ನೊಂದು ಸಿಕ್ಕವು. ಇದರ ಜಾತಿಯದೇ ಇನ್ನೊಂದು ತೊಂದರೆ 'ರೆಸ್ಟ್ರಿಕ್ಟ್ ಟು ಫ್ರೇಮ್' ಗುರುತಿನದು. ಅದನ್ನು ಹಾಕಿದರೆ ಪಾತ್ ಆಗ ಫ್ರೇಮಿನಲ್ಲಿ ಎಷ್ಟು ಕಾಣುತ್ತಿತ್ತೋ ಅಷ್ಟಕ್ಕೇ ನಿಲ್ಲುತ್ತದೆ. ಎರಡು ಚಿತ್ರ ಅದರಿಂದ ಕೆಟ್ಟಿದ್ದವು.

ಪಾತ್ ಬದಲಿಸುವಾಗ ಒಂದು ಎಚ್ಚರಿಕೆ. ಚಿತ್ರದ ಸುತ್ತ ಅಕ್ಷರ ಹರಿಯಲು ಟೆಕ್ಸ್ಟ್ ರ‍್ಯಾಪ್‌ನಲ್ಲಿ 'ಸೇಮ್ ಆ್ಯಸ್ ಕ್ಲಿಪ್ಪಿಂಗ್' ಇಟ್ಟಿದ್ದರೆ, ಪಾತ್ ಬದಲಾದ ಕೂಡಲೇ ಅಕ್ಷರವೂ ಜಾಗ ಬದಲಿಸುತ್ತದೆ. ಕುದುರೆಗೆ ಕಿವಿ ಬಂದ ಖುಷಿಯಲ್ಲಿದ್ದಾಗ ಅದರ ಪಕ್ಕದ ವಿವರಣೆಯ ಕೊನೆ ಸಾಲು ಡಬ್ಬದ ಆಚೆ ಬಿದ್ದು ಕೆಂಪು ಕೂಡಿಸುವ ಗುರುತು ಬಂದಿತ್ತು. ಸಂಜೆ ಓದುವಾಗ ಸಿಕ್ಕಿತು.

ನೆರಳಿನ ವಿಷಯ ಚಿಕ್ಕದು, ಆದರೆ ತುಂಬಾ ಜನ ಮಾಡುವ ತಪ್ಪು. ಮುಖಪುಟದ ರೈಲುಬಂಡಿ ಪಿಎಸ್‌ಡಿ, ಅಂದರೆ ಫೋಟೋಶಾಪ್‌ನದೇ ಫೈಲ್, ಹಿನ್ನೆಲೆ ಇಲ್ಲ, ಕೆಳಗೆ ಮೆತ್ತನೆಯ ನೆರಳಿದೆ. ಅದೇ ಫೈಲಿನಲ್ಲಿ ಹಳೇ ಕ್ಲಿಪ್ಪಿಂಗ್ ಪಾತೂ ಉಳಿದುಕೊಂಡಿತ್ತು. ಪಾತ್ ಅಂದರೆ ಕತ್ತರಿ, ಅದಕ್ಕೆ ಅರ್ಧ ಮಸುಕು ಅನ್ನುವುದು ಗೊತ್ತಿಲ್ಲ. ಹಾಗಾಗಿ ನೆರಳನ್ನು ಚಾಕುವಿನಲ್ಲಿ ಕೊಯ್ದಂತೆ ಕೊಯ್ದಿತ್ತು. ಇಲ್ಲಿ ಉತ್ತರ 'ನನ್'. ಪಿಎಸ್‌ಡಿಯ ಪಾರದರ್ಶಕತೆಯೇ ಸಾಕು, ಪಾತ್ ಬೇಡ.

ಇನ್ನು ಪಿಡಿಎಫ್. ಹಿಂಬದಿ ರಕ್ಷಾಪುಟಕ್ಕೆ ಅವರ ಜಾಹೀರಾತು ಪಿಡಿಎಫ್ ಆಗಿ ಬಂದಿತ್ತು, ಸುತ್ತ 3 ಮಿ.ಮೀ. ಬ್ಲೀಡ್ ಸಮೇತ, ಅಂದರೆ ಹಾಳೆ ಕತ್ತರಿಸುವ ಗೆರೆಯ ಆಚೆಗೂ ಚಾಚಿದ ಬಣ್ಣದ ಸಮೇತ. ನನ್ನ ಪುಟದಲ್ಲಿ ಬ್ಲೀಡ್ ಇರಬೇಕಾದ ಕಡೆ ಬಿಳಿ ಗೆರೆ. ಪಿಡಿಎಫ್ ಪ್ಲೇಸ್ ಮಾಡುವಾಗ ಶಿಫ್ಟ್ ಒತ್ತಿ ಓಪನ್ ಮಾಡಿದರೆ, ಅಥವಾ 'ಶೋ ಇಂಪೋರ್ಟ್ ಆಪ್ಷನ್ಸ್' ಹಾಕಿದರೆ 'ಕ್ರಾಪ್ ಟು' ಅಂತ ಕೇಳುತ್ತದೆ. ಟ್ರಿಮ್, ಬ್ಲೀಡ್, ಮೀಡಿಯಾ, ಬೌಂಡಿಂಗ್ ಬಾಕ್ಸ್ ಅಂತ ಆಯ್ಕೆಗಳು. ಟ್ರಿಮ್ ಇದ್ದರೆ ಬ್ಲೀಡ್ ಕಟ್. ಬ್ಲೀಡ್ ಆರಿಸಿ ಮತ್ತೆ ಪ್ಲೇಸ್ ಮಾಡಿದೆ, ಮುಗಿಯಿತು. ಇಲಸ್ಟ್ರೇಟರ್‌ನ ಎಐ ಫೈಲಿಗೂ ಇದೇ ಕಿಟಕಿ ಬರುತ್ತದೆ. ಲೋಗೋದ ಅಂಚು ಹೋದರೆ ಮೊದಲು ಇಲ್ಲಿಗೆ ಬಂದು ನೋಡಿ.

300 ಚಿತ್ರವನ್ನು ಒಂದೊಂದೇ ಒತ್ತಿ ನೋಡುವುದು ಆಗದ ಮಾತು. ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಾನೆ, ಅವನಿಗೆ ಫೋನ್ ಮಾಡಿದೆ. "ಚಿಕ್ಕಮ್ಮ, ಯಾವ ಚಿತ್ರಕ್ಕೆ ಯಾವ ಟೈಪ್ ಇದೆ ಅಂತ ಪಟ್ಟಿ ಸಿಕ್ಕಿದ್ರೆ ಸಾಕಾ?" ಅಂದ. ಇನ್‌ಡಿಸೈನ್‌ಗೆ ಜಾವಾಸ್ಕ್ರಿಪ್ಟ್ ಗೊತ್ತು. ಡಾಕ್ಯುಮೆಂಟಿನ ಎಲ್ಲ ಚಿತ್ರಗಳನ್ನು ಒಂದೊಂದಾಗಿ ಹಿಡಿದು, ಪುಟದ ಸಂಖ್ಯೆ, ಫೈಲ್ ಹೆಸರು, ಕ್ಲಿಪ್ಪಿಂಗ್ ಟೈಪ್, ಈ ಮೂರನ್ನು ಬರೆದುಕೊಡುವ ಹತ್ತು ಹನ್ನೆರಡು ಸಾಲಿನ ಸ್ಕ್ರಿಪ್ಟ್ ಕಳಿಸಿದ. ಅದನ್ನು ಹಳೇ ಮಷೀನಿನ ಸಿಎಸ್ 6ರಲ್ಲಿ ಹಳೇ ಫೈಲಿನ ಮೇಲೆ ಒಂದು ಸಲ, ಹೊಸದರಲ್ಲಿ ಹೊಸ ಫೈಲಿನ ಮೇಲೆ ಒಂದು ಸಲ ಓಡಿಸಿದೆ. ಹಾರ್ಡ್ ಡಿಸ್ಕ್ ಅಷ್ಟು ಹೊತ್ತು ಉಸಿರು ಹಿಡಿದುಕೊಂಡಿತ್ತು, ಪುಣ್ಯ. ಎರಡು ಪಟ್ಟಿ ಪಕ್ಕ ಪಕ್ಕ ಇಟ್ಟೆ. ಎಲ್ಲೆಲ್ಲಿ ಬೇರೆಯಾಗಿದೆಯೋ ಅಲ್ಲಿ ನಾನು ಅಳಿಸಿ ಮತ್ತೆ ಪ್ಲೇಸ್ ಮಾಡಿದ್ದು, ಇಲ್ಲವೇ ಮೂಲದಲ್ಲಿ ಪಾತ್ ಹೋಗಿದ್ದು. ನಾನು ಮುಟ್ಟದ ಚಿತ್ರಗಳಲ್ಲಿ ಒಂದೂ ಬದಲಾಗಿರಲಿಲ್ಲ. ಹೊಸ ವರ್ಷನ್ ಕೆಟ್ಟದ್ದು ಅಂತ ಎರಡು ದಿನದಿಂದ ಬೈಯುತ್ತಿದ್ದೆ. ಪಟ್ಟಿ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಇನ್ನೊಂದು ಕೆಲಸ ಮೊದಲೇ ಮಾಡಿದ್ದರಿಂದ ಬಚಾವಾದೆ. ಹೊಸದರಲ್ಲಿ ಸೇವ್ ಮಾಡಿದ ಫೈಲನ್ನು ಸಿಎಸ್ 6 ನೇರವಾಗಿ ತೆರೆಯುವುದಿಲ್ಲ, ಹಳೇ ವರ್ಷನ್ನಿಗೂ ಓದಲು ಬರುವ ಐಡಿಎಂಎಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ಕೊಡಬೇಕು. ಹಾಗಾಗಿ ಹಳೇ ಫೈಲನ್ನು ಬೇರೆ ಫೋಲ್ಡರಿನಲ್ಲಿ ಮುಟ್ಟದೆ ಇಟ್ಟು, ಹೊಸದಕ್ಕೆ ಬೇರೆ ಹೆಸರು ಕೊಟ್ಟಿದ್ದೆ. ಇಲ್ಲವಾಗಿದ್ದರೆ ಹೋಲಿಸಲು ಏನೂ ಇರುತ್ತಿರಲಿಲ್ಲ.

ಭಾನುವಾರ ರಾತ್ರಿ ಪಿಡಿಎಫ್ ಮಾಡಿದೆ. ಪ್ಲೇಟ್ ಹಾಕುವವರು ಹಳೇ ಅಭ್ಯಾಸದಂತೆ ಅಚ್ಚಿಗೆಂದೇ ಇರುವ ಪಿಡಿಎಫ್ ನಮೂನೆಗಳಲ್ಲಿ ಎಕ್ಸ್ 1ಎ ಕೇಳಿದ್ದರು. ಅದರಲ್ಲಿ ಪಾರದರ್ಶಕತೆ ಎಲ್ಲ ಚಪ್ಪಟೆಯಾಗುತ್ತದೆ, ರೈಲುಬಂಡಿಯ ನೆರಳಿನ ಸುತ್ತ ಪರದೆಯಲ್ಲಿ ದಾರದಂಥ ಬಿಳಿ ಗೆರೆಗಳು ಕಂಡವು. ಹಿಗ್ಗಿಸಿದರೂ ಆ ಗೆರೆ ದಪ್ಪ ಆಗುವುದಿಲ್ಲ, ಅಷ್ಟೇ ತೆಳ್ಳಗಿರುತ್ತದೆ. ಹಾಗಿದ್ದರೆ ಅದು ಪರದೆಯ ಆಟ, ಸಾಮಾನ್ಯವಾಗಿ ಪ್ಲೇಟಿನಲ್ಲಿ ಬರುವುದಿಲ್ಲ. ಆದರೂ ಗಿರಾಕಿ ಮೊಬೈಲಿನಲ್ಲಿ ನೋಡಿ ಮತ್ತೆ ಗಾಬರಿಯಾಗಬಾರದಲ್ಲ. ಫೋನ್ ಮಾಡಿ, ಪಾರದರ್ಶಕತೆ ಹಾಗೇ ಉಳಿಸುವ ಎಕ್ಸ್ 4 ಆಗುತ್ತಾ ಅಂತ ಕೇಳಿದೆ. ಆಗುತ್ತೆ ಮೇಡಂ, ಈಗಿನ ಮಷೀನ್ ಎಲ್ಲ ತಗೊಳ್ಳುತ್ತೆ ಅಂದರು. ಇಷ್ಟು ದಿನ ಅವರೂ ಸುಮ್ನೆ ಕೇಳುತ್ತಿದ್ದರು, ನಾನೂ ಸುಮ್ನೆ ಕೊಡುತ್ತಿದ್ದೆ.

ಸೋಮವಾರ ಗಿರಾಕಿ ಬಂದು ನೇರವಾಗಿ ಕುದುರೆಯ ಪುಟ ತೆಗೆದರು. ಬೆರಳಿಟ್ಟು ಎಣಿಸಿದರು. "ಎರಡು" ಅಂದು ನಕ್ಕರು. ಆಮೇಲೆ ಮಣಿ ಚೌಕಟ್ಟಿನ ಪುಟದಲ್ಲಿ ರೇಟು ಹೋದ ವರ್ಷದ್ದು ಅಂತ ತೋರಿಸಿದರು. ಅದನ್ನು ಅಲ್ಲೇ ತಿದ್ದಿದೆ.

ಕುದುರೆಯ ಪಾತನ್ನು ಅವತ್ತು ಸಂಜೆ ಇನ್ನೊಮ್ಮೆ ಎಳೆದೆ, ಅಂಚಿನಿಂದ ಒಂದು ಪಿಕ್ಸೆಲ್ ಒಳಗೆ. ಚುಕ್ಕಿ ಕಡಿಮೆ ಇದ್ದಷ್ಟೂ ಗೆರೆ ನುಣುಪು. ಒಟ್ಟು 31 ಚುಕ್ಕಿಗೆ ಮುಗಿಯಿತು. ಕಿವಿಗಳಿಗೆ ಮೂರು ಮೂರು.